ಆಡದೆ ಉಳಿಸಿಟ್ಟ ಮಾತು

ತಾಲೀಮಿನಲ್ಲಿ ಥ್ರೇಲ್ ಮತ್ತೆ ಮಾತು ಮರೆತ.

ನಾಯಕಿಯ ಕೈ ಹಿಡಿದುಕೊಂಡು, ಬಾಯಿ ಅರ್ಧ ತೆರೆದು, ರಂಗದ ನಟ್ಟನಡುವೆ ನಿಂತುಬಿಟ್ಟ. ಆಮೇಲೆ ದಿನವೂ ಮಾಡುವಂತೆ ಕತ್ತು ತಿರುಗಿಸಿ, ಎಡಮೂಲೆಯ ಪರದೆಯ ಮರೆಯಲ್ಲಿ ಕೂತಿದ್ದ ಹೆಸ್ಟರ್ ಪ್ರೌಟ್‌ಳನ್ನು ನೋಡಿದ. ಒಂದು ಹುಬ್ಬು ಕೊಂಚ ಮೇಲಿತ್ತು. ಕಣ್ಣು ಏನನ್ನೋ ಬೇಡುವಂತಿತ್ತು.

"ನಿನ್ನನ್ನು ಕಾಣದ ದಿನ ನನಗೆ ಬೆಳಗಾಗುವುದೇ ಇಲ್ಲ," ಎಂದು ಹೆಸ್ಟರ್ ಪಿಸುಗುಟ್ಟಿದಳು.

ಅವನು ಅದನ್ನೇ ನಾಯಕಿಗೆ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ ನೆಲ ಗುಡಿಸುತ್ತಿದ್ದ ಮುದುಕಿ ಪೊರಕೆ ನಿಲ್ಲಿಸಿ ಕೇಳಿದಳು. ಹೆಸ್ಟರ್ ಮಾತ್ರ ಹೆದರಿದಳು.

ನಾರ್ವಿಚ್ಚಿನ ಆ ರಂಗಮಂದಿರದಲ್ಲಿ ನಟರಿಗೆ ಮಾತು ಎತ್ತಿಕೊಡುವುದು ಅವಳ ಕೆಲಸ. ಅವಳ ಅಪ್ಪ ಸೈಲಸ್ ಇದೇ ರಂಗದ ಮೇಲೆ ರಾಜನಾಗಿ ಮೆರೆದವನು. ಮೊದಲು ಒಂದು ಸಾಲು ಮರೆತ, ಆಮೇಲೆ ಒಂದು ದೃಶ್ಯ. ಕೊನೆಗೊಂದು ದಿನ ತಾನು ಯಾವ ನಾಟಕದಲ್ಲಿದ್ದೇನೆ ಎಂಬುದನ್ನೇ ಮರೆತು, ಬಲಗೈ ಹೆಬ್ಬೆರಳಿನಿಂದ ಅಂಗಿಯ ತೋಳಿನ ಅಂಚು ಉಜ್ಜುತ್ತಾ ನಿಂತುಬಿಟ್ಟ. ಜನ ಕಿತ್ತಳೆ ಸಿಪ್ಪೆ ಎಸೆದರು. ಹೆಸ್ಟರ್ ಈ ಮೂಲೆಯಿಂದಲೇ ಅದನ್ನು ನೋಡಿದ್ದಳು. ಈಗ ಥ್ರೇಲ್‌ನ ಸರದಿ ಬಂತೇ ಎಂದು ಅವಳಿಗೆ ಎಷ್ಟೋ ದಿನದಿಂದ ನಿದ್ದೆಯಿಲ್ಲ.

ಬಾರ್ನಬಿ ಥ್ರೇಲ್ ಸುಮ್ಮನೆ ಮೇಲೆ ಬಂದವನಲ್ಲ. ಹುಲ್ಲಿನ ಕೊಟ್ಟಿಗೆಗಳಲ್ಲಿ, ಸಂತೆಯ ಡೇರೆಗಳಲ್ಲಿ, ಕರಡಿಯ ಹಿಂಗಾಲಿನ ಪಾತ್ರದಿಂದ ಶುರು ಮಾಡಿದವನು. ಊರೂರು ನಡೆದು ಸವೆದ ಮೇಲೆ ಈಗ ಲಂಡನ್ನಿನ ಕಣ್ಣು ಅವನ ಮೇಲೆ ಬಿದ್ದಿತ್ತು. ಇವತ್ತು ಸಂಜೆ ಹೊಸ ನಾಟಕದ ಮೊದಲ ಪ್ರದರ್ಶನ, ಗಣ್ಯರು ಕೂರುವ ಬಾಕ್ಸ್‌ನಲ್ಲಿ ಲಂಡನ್ನಿನ ರಂಗಮಂದಿರವೊಂದರ ಮ್ಯಾನೇಜರ್ ಕೂರುವವನಿದ್ದ.

ತಾಲೀಮು ಕೊನೆಯ ಮಾತಿನವರೆಗೆ ಬಂದು ನಿಂತಿತು. ಹೊಸ ನಾಟಕದ ಕೊನೆಯ ಮಾತನ್ನು ತಾಲೀಮಿನಲ್ಲಿ ಯಾರೂ ಬಾಯಿ ಬಿಟ್ಟು ಆಡುವುದಿಲ್ಲ. ಆಡಿದರೆ ಆಟ ಕೆಡುತ್ತದೆ ಎಂಬುದು ರಂಗದವರ ನಂಬಿಕೆ. ಥ್ರೇಲ್ ಅದರ ಬದಲು ಎರಡು ಚಪ್ಪಾಳೆ ತಟ್ಟಿ ಮುಗಿಸಿದ.

ಹೆಸ್ಟರ್ ಅವನ ದಾರಿಗೆ ಅಡ್ಡ ನಿಂತಳು. "ಮಿಸ್ಟರ್ ಥ್ರೇಲ್, ಡಾಕ್ಟರಿಗೆ ತೋರಿಸಿದ್ದೀರಾ?"

"ಯಾಕೆ, ನನ್ನ ಮುಖ ಅಷ್ಟು ಕೆಟ್ಟೋಗಿದೆಯಾ?"

"ತಮಾಷೆ ಬೇಡ. ಇವತ್ತೂ ಮರೆತ್ರಿ."

"ನೀವಿರೋವಾಗ ನನಗೆ ನೆನಪು ಯಾಕೆ ಬೇಕು, ಮಿಸ್ ಪ್ರೌಟ್?"

"ಸಂಜೆ ಒಂದೇ ಒಂದು ಸಲ ನನ್ನ ಮೂಲೆ ಕಡೆ ನೋಡಿ ಸಾಕು, ಆ ಲಂಡನ್ ಸಾಹೇಬ್ರು ಟೋಪಿ ಹಾಕ್ಕೊಂಡು ಎದ್ದು ಹೋಗ್ತಾರೆ." ಅವಳು ದಾರಿ ಬಿಡಲಿಲ್ಲ. "ಈ ಕಡೆ ತಿರುಗಲ್ಲ ಅಂತ ಮಾತು ಕೊಡಿ."

ಥ್ರೇಲ್‌ನ ನಗು ನಿಂತಿತು. "ಒಂದು ಸಲವೂ?"

"ಒಂದು ಸಲವೂ."

"ಸರಿ. ಕೊಟ್ಟೆ," ಎಂದು ಅವನು ಸಪ್ಪಗೆ ಹೇಳಿ ಹೋದ.

ಸಂಜೆ ನೇಕಾರರು, ಹಡಗಿನವರು, ಅಂಗಡಿಯವರು ಎಲ್ಲ ಸೇರಿ ಮಂದಿರ ಕಿಕ್ಕಿರಿಯಿತು. ಹೆಸ್ಟರ್ ಪುಸ್ತಕ ಮಡಿಲಲ್ಲಿಟ್ಟುಕೊಂಡು ಪ್ರತಿ ಸಾಲಿಗೂ ಅವನಿಗಿಂತ ಮೊದಲೇ ಉಸಿರು ಹಿಡಿದಳು. ಆದರೆ ಥ್ರೇಲ್ ಒಂದಕ್ಷರ ತಪ್ಪಲಿಲ್ಲ. ತಾಲೀಮಿನಲ್ಲಿ ಮರೆತಿದ್ದ ಸಾಲು ಬಂತು, ನೀರು ಹರಿದಂತೆ ಹರಿಯಿತು. ಅವನು ಈ ಕಡೆ ತಿರುಗಲೇ ಇಲ್ಲ.

ಅವಳಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಯಾಕೋ ಕಸಿವಿಸಿಯಾಯಿತು.

ತಾಯಿಯ ಪಾತ್ರ ಮುಗಿಸಿ ಒಳಗೆ ಬಂದ ಮಿಸೆಸ್ ಪೆಲ್ಹಮ್ ಉಪ್ಪುಮೀನು ಜಗಿಯುತ್ತಾ ಪಕ್ಕದಲ್ಲಿ ಕೂತಳು. "ಏನೇ ಹುಡುಗಿ, ಮುಖ ಯಾಕೆ ಹಾಗಿದೆ?"

"ಅವರಿಗೆ ಎಲ್ಲಾ ನೆನಪಿದೆ."

"ಇಲ್ಲದೆ ಏನು! ಅವನು ಜಗಳದ ಮಾತು ಮರೆತಿದ್ದು ನೋಡಿದ್ದೀಯಾ? ಸಾಯೋ ಮಾತು?"

ಹೆಸ್ಟರ್ ಯೋಚಿಸಿದಳು. ಇಲ್ಲ. ಮರೆತದ್ದೆಲ್ಲ ಪ್ರೀತಿಯ ಮಾತೇ.

"ಊರಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ," ಎಂದು ಮಿಸೆಸ್ ಪೆಲ್ಹಮ್ ಬೆರಳು ನೆಕ್ಕಿಕೊಂಡಳು.

ಹೆಸ್ಟರ್‌ಳ ಕಿವಿ ಬಿಸಿಯಾಯಿತು. ಇವನಿಗೆ ಚೆಲ್ಲಾಟ, ನನಗೆ ಪ್ರಾಣಸಂಕಟ! ಅಪ್ಪನ ಗತಿ ನೆನೆದು ಅತ್ತದ್ದೆಲ್ಲ ಈ ಮಹಾರಾಯನ ತಮಾಷೆಗಾಗಿಯೇ? ಅವಳಿಗೆ ಸಿಟ್ಟೂ ಬಂತು, ಸಿಟ್ಟಿನ ಕೆಳಗೆ ಇನ್ನೇನೋ ಬಂತು.

ಅಷ್ಟರಲ್ಲಿ ಕೊನೆಯ ದೃಶ್ಯ. ಕಡಲಿನಿಂದ ಮರಳಿದ ನಾವಿಕನಾಗಿ ಥ್ರೇಲ್ ರಂಗದ ಬಲತುದಿಯಲ್ಲಿ, ಮನೆಯ ಗೇಟಿನ ಬಳಿ ನಿಂತಿದ್ದ. ಇನ್ನು ಒಂದೇ ಮಾತು ಬಾಕಿ. ಅವನು ಬಾಯಿ ತೆರೆದ, ಮಾತು ಬರಲಿಲ್ಲ.

ಮತ್ತೆ ಶುರುವಾಯಿತು ನಾಟಕ, ಒದ್ದಾಡಲಿ, ಎಂದು ಹೆಸ್ಟರ್ ತುಟಿ ಬಿಗಿದಳು.

ಆಗ ಅವನ ಬಲಗೈ ಕಾಣಿಸಿತು. ಹೆಬ್ಬೆರಳು ಅಂಗಿಯ ತೋಳಿನ ಅಂಚನ್ನು ಉಜ್ಜುತ್ತಿತ್ತು.

ಅವಳು ಪುಸ್ತಕದ ಸಮೇತ ಎದ್ದು ನಿಂತಳು. ಇದು ಸುಳ್ಳಲ್ಲ. ತಾಲೀಮಿನಲ್ಲಿ ಒಮ್ಮೆಯೂ ನಾಲಿಗೆಯ ಮೇಲೆ ಆಡದ ಮಾತು ನಿಜವಾಗಿಯೂ ಕೈಕೊಟ್ಟಿತ್ತು. ಆದರೂ ಆ ಹುಚ್ಚ ಕೊಟ್ಟ ಮಾತಿಗೆ ಕಟ್ಟುಬಿದ್ದು ಇತ್ತ ತಿರುಗುತ್ತಿಲ್ಲ. ಅವಳು ಪಿಸುಗುಟ್ಟಿದಳು, ಅಷ್ಟು ದೂರ ಮುಟ್ಟಲಿಲ್ಲ. ಕೂಗಿದರೆ ಬಾಕ್ಸಿಗೇ ಕೇಳುತ್ತದೆ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕಿತ್ತಳೆ ಸುಲಿಯುವ ವಾಸನೆ ಬಂತು.

ಪರದೆ ಇಳಿಸುವ ಗಂಟೆ ಅವಳ ಕೈಯಲ್ಲೇ ಇತ್ತು. ಮಾತು ಮುಗಿಯದೆ ಬಾರಿಸಿದರೆ ಅವಳ ಕೆಲಸಕ್ಕೇ ಸಂಚಕಾರ.

ಹೆಸ್ಟರ್ ಬಾರಿಸಿದಳು.

ಪರದೆ ಇಳಿಯಿತು. ಆಚೆ ಸದ್ದೇ ಇಲ್ಲ. ಮುಗಿಯಿತು, ಅವನನ್ನೂ ಮುಗಿಸಿದೆ, ಎಂದು ಅವಳು ಕಣ್ಣು ಮುಚ್ಚಿದಳು. ಆಮೇಲೆ ಮೊದಲು ಒಬ್ಬ, ಹಿಂದೆಯೇ ನೂರು ಜನ, ಕಡೆಗೆ ಇಡೀ ಮಂದಿರವೇ ಚಪ್ಪಾಳೆ ಹೊಡೆಯತೊಡಗಿತು.

"ಲಂಡನ್ ಸಾಹೇಬ್ರು ಕಣ್ಣು ಒರೆಸ್ಕೋತಿದ್ದಾರೆ!" ಎಂದು ಮಿಸೆಸ್ ಪೆಲ್ಹಮ್ ಪರದೆಯ ತೂತಿನಿಂದ ಕೂಗಿದಳು. "ಮಾತೇ ಆಡದೆ ಮುಗಿಸಿದ್ದು ಎಂಥಾ ನಟನೆ ಅಂತ! ಒಳಗೇ ಬರ್ತಿದ್ದಾರಂತೆ!"

ಥ್ರೇಲ್ ನೇರವಾಗಿ ಎಡಮೂಲೆಗೆ ಬಂದ. ಬಣ್ಣದಡಿ ಮುಖ ಬಿಳುಚಿತ್ತು.

"ನಿಜವಾಗ್ಲೂ ಮರೆತೆ, ಹೆಸ್ಟರ್. ಇಷ್ಟು ದಿನ ಮರೆತ ಹಾಗೆ ನಾಟಕ ಆಡಿದ್ದಕ್ಕೆ ದೇವರು ಸರಿಯಾಗೇ ಕೊಟ್ಟ."

"ಯಾಕೆ ಆಡಿದ್ರಿ?"

"ಪ್ರೀತಿಯ ಮಾತು ಮೊದಲು ನಿಮ್ಮ ಬಾಯಿಂದ ಬರ್ತಿತ್ತು. ಅದನ್ನ ದಿನಾ ಕೇಳೋ ಆಸೆ."

"ನಿಮಗೆ ಆಸೆ, ನನಗೆ..." ಅವಳು ರಂಗದ ನಡುವಿಗೆ ಕೈ ತೋರಿಸಿದಳು. "ನನ್ನಪ್ಪನ ಹಾಗೇ ನಿಮ್ಮನ್ನೂ ಕಳ್ಕೋತೀನಿ ಅಂದ್ಕೊಂಡೆ."

ಅವನು ತಲೆ ತಗ್ಗಿಸಿದ. "ಅದು ನನಗೆ ಹೊಳೀಲೇ ಇಲ್ಲ. ತಪ್ಪಾಯ್ತು."

"ನೇರವಾಗಿ ಹೇಳಬಹುದಿತ್ತಲ್ಲ."

"ಕೊನೆಯ ಮಾತು ಮೊದಲೇ ಆಡಿದ್ರೆ ಆಟ ಕೆಡುತ್ತೆ ಅಂತ ಹೆದರಿದ್ದೆ. ಈಗ ಹೇಳ್ತೀನಿ. ಎಲ್ಲಿಂದ ಶುರು ಮಾಡ್ಲಿ? ಒಂಚೂರು ಎತ್ತಿಕೊಡಿ."

"ಕೊಡಲ್ಲ," ಎಂದು ಹೆಸ್ಟರ್ ಪುಸ್ತಕ ಮುಚ್ಚಿದಳು.

ಊರಿಗೆ ಊರನ್ನೇ ಅಳುವಂತೆ ಮಾಡಿದ ನಟ ಬೆವರಿದ. "ನೀವಿಲ್ಲದೆ ಲಂಡನ್... ಅಂದ್ರೆ ಲಂಡನ್ ಇರುತ್ತೆ, ಅದಕ್ಕೇನು, ನಾನು ಮಾತ್ರ... ಆ ಮೂಲೆಯಲ್ಲಿ ಬೇರೆ ಯಾರೋ ಕೂತಿರ್ತಾರಲ್ಲ... ಬರ್ತೀರಾ? ನನ್ನ ಹೆಂಡತಿಯಾಗಿ?"

"ಇಷ್ಟು ಕೆಟ್ಟದಾಗಿ ನೀವು ಯಾವತ್ತೂ ಮಾತಾಡಿರಲಿಲ್ಲ," ಎಂದು ಹೆಸ್ಟರ್ ಕಣ್ಣೀರಿನ ನಡುವೆ ನಕ್ಕಳು.

ಹೊರಗೆ ಲಂಡನ್ ಸಾಹೇಬರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಅಂಗಿಯ ತೋಳನ್ನು ಇನ್ನೂ ಉಜ್ಜುತ್ತಲೇ ಇದ್ದ ಥ್ರೇಲ್‌ನ ಹೆಬ್ಬೆರಳನ್ನು ಹೆಸ್ಟರ್ ಹಿಡಿದು ನಿಲ್ಲಿಸಿ, ಅವನ ಕಿವಿಯ ಹತ್ತಿರ ಬಾಗಿ, ಯಾರೂ ಆಡದ ಆ ಕೊನೆಯ ಮಾತನ್ನು ಪಿಸುಗುಟ್ಟಿದಳು.

"ಇನ್ನು ನಿನ್ನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ."

ಅಭ್ಯಾಸಬಲದಿಂದ ಥ್ರೇಲ್ ಅದನ್ನು ತಿರುಗಿ ಹೇಳಲು ಬಾಯಿ ತೆರೆದ.

"ಇದು ನಿಮ್ಮ ಮಾತಲ್ಲ," ಎಂದಳು ಹೆಸ್ಟರ್. "ನಂದು."