ಹನ್ನೆರಡರೊಳಗೆ ಹೂಂ ಅನ್ನಿ

ನನ್ನ ಹಿಂದೆ ಚಿಲಕ ಬಿತ್ತು.

ತಿರುಗಿ ನೋಡಿದೆ. ತಾರಸಿಯ ಕಬ್ಬಿಣದ ಬಾಗಿಲು. ಅದರಾಚೆ ಮೆಟ್ಟಿಲಿಳಿಯುವ ಬೂಟಿನ ಸದ್ದು. ಯಾವ ಅವಸರವೂ ಇಲ್ಲದ ಸದ್ದು.

ಹನ್ನೊಂದು ಗಂಟೆ ಐದು ನಿಮಿಷ. ತಲೆ ಸುಡುವ ಬಿಸಿಲು. ಫೋನಿನಲ್ಲಿ ಚಾರ್ಜ್ ನಾಲ್ಕು ಪರ್ಸೆಂಟ್.

ಕೂಗಬಹುದಿತ್ತು. ಕೂಗಲಿಲ್ಲ. ಕೂಗುವುದಕ್ಕೂ ಒಂದು ಹುಮ್ಮಸ್ಸು ಬೇಕು ನೋಡಿ...

ಫೋನ್ ಬಂತು. ಗೃಹಸಾಲ ಕಂಪನಿಯ ಸೇಲ್ಸ್ ಮ್ಯಾನೇಜರ್.

"ಏನು ಯೋಚನೆ ಮಾಡಿದ್ರಿ ಮೇಡಂ?"

"ಹನ್ನೆರಡರವರೆಗೆ ಟೈಮ್ ಕೊಟ್ಟಿದ್ರಲ್ಲ."

"ಕೊಟ್ಟಿದ್ದೆ. ತಾರಸಿ ಮೇಲೆ ಬಿಸಿಲು ಜಾಸ್ತಿ. ಅದಕ್ಕೇ ಕೇಳಿದೆ."

ನಾನು ತಾರಸಿಯ ಮೇಲಿದ್ದೇನೆಂದು ಅವನಿಗೆ ಹೇಳಿರಲಿಲ್ಲ.

"ಹೂಂ ಅನ್ನಿ. ಬಾಗಿಲು ತೆಗೀತಾರೆ. ಕೆಳಗೆ ಕಾರಿದೆ, ಆಫರ್ ಲೆಟರ್ ನನ್ನ ಟೇಬಲ್ ಮೇಲಿದೆ."

"ಊಹೂಂ ಅಂದ್ರೆ?"

"ಹನ್ನೆರಡಾದ ಮೇಲೆ ಹೇಗೂ ತೆಗೀತಾರೆ."

ಲೈನ್ ಕಟ್ಟಾಯಿತು. ಜೊತೆಗೆ ಫೋನೂ ಸತ್ತಿತು.

ನಾನು ಯಾರು ಅಂತ ಹೇಳಬೇಕಲ್ಲ. ಮನೆ ಪರಿಶೀಲನೆ ಮಾಡುವವಳು. ಮನೆ ಅಡವಿಟ್ಟು ಸಾಲ ಕೇಳಿದವರ ಮನೆಗೆ ಹೋಗುತ್ತೇನೆ. ಅರ್ಜಿಯಲ್ಲಿ ಬರೆದದ್ದು ನಿಜವೇ, ಅಲ್ಲಿ ಇರುವವರು ಯಾರು ಎಂದು ನೋಡುತ್ತೇನೆ. ಎರಡು ದಿನ, ಎರಡು ಭೇಟಿ, ಫೋಟೋ, ರಿಪೋರ್ಟ್. ರಿಪೋರ್ಟ್ ನೇರವಾಗಿ ಕಂಪನಿಯ ಹೆಡ್ ಆಫೀಸಿಗೆ ಹೋಗುತ್ತದೆ. ಮಧ್ಯೆ ಯಾರೂ ಮುಟ್ಟುವ ಹಾಗಿಲ್ಲ. ಆದರೆ ಮೊದಲ ಭೇಟಿಯಿಂದ ನಲವತ್ತೆಂಟು ಗಂಟೆಯೊಳಗೆ ಕಳಿಸಬೇಕು. ತಪ್ಪಿದರೆ ಫೈಲು ತಾನಾಗಿಯೇ ಬೇರೆಯವರ ಕೈಗೆ ಹೋಗುತ್ತದೆ.

ಹನ್ನೊಂದು ವರ್ಷ ಹತ್ತಿದ ಮೆಟ್ಟಿಲುಗಳು ನನ್ನ ಎರಡೂ ಮಂಡಿಗಳನ್ನು ತಿಂದು ಹಾಕಿವೆ.

ಈ ಮನೆಗೆ ಮೊನ್ನೆ ಮಧ್ಯಾಹ್ನ ಹನ್ನೆರಡಕ್ಕೆ ಬಂದಿದ್ದೆ. ಅರ್ಜಿದಾರ ನಲವತ್ತರ ಗಂಡಸು. ಮನೆ ತನ್ನದು, ತಾನೊಬ್ಬನೇ ಇರುವುದು ಎಂದ. ಅಡುಗೆಮನೆಯಲ್ಲಿ ಒಬ್ಬ ಮುದುಕಿ ನಿಂತಿದ್ದರು. ಕೆಲಸದವರು ಎಂದ.

ಅಂಥ ಕಡೆ ನಾನು ಕಾಗದ ನೋಡುವುದಿಲ್ಲ. ಇಲ್ಲಿ ಕತ್ತಲು, ಸ್ವಲ್ಪ ಲೈಟ್ ಹಾಕಿ ಎನ್ನುತ್ತೇನೆ. ಅಷ್ಟೇ. ಮನೆಯಲ್ಲಿ ಬದುಕಿದವರು ಸ್ವಿಚ್ ಹುಡುಕುವುದಿಲ್ಲ. ಅವನು ನಾಲ್ಕು ಸ್ವಿಚ್ ಒತ್ತಿದ. ಫ್ಯಾನ್ ತಿರುಗಿತು, ಹೊರಗಿನ ದೀಪ ಹತ್ತಿತು... ಅಡುಗೆಮನೆ ಕತ್ತಲಾಗಿಯೇ ಉಳಿಯಿತು. ಮುದುಕಿಗೆ ಕಣ್ಣು ಮಂಜು. ಪಾತ್ರೆಯ ಸ್ಟ್ಯಾಂಡಿನ ಹಿಂದೆ ಕೈ ಹಾಕಿ, ಗೋಡೆಯ ಕಡೆ ನೋಡದೆಯೇ ದೀಪ ಹಾಕಿದರು.

ಅವನು ಫೋನಿನಲ್ಲಿ ಮಾತಾಡಲು ಹೊರಗೆ ಹೋದಾಗ ಉಳಿದದ್ದನ್ನು ಅವರೇ ಹೇಳಿದರು. ಮನೆ ಅವರದು. ಮೂವತ್ತು ವರ್ಷ ಹೊಲಿಗೆ ಕಲಿಸಿ ಕಟ್ಟಿದ್ದು, ಬೀದಿಗೆಲ್ಲ ಅವರು ಟೀಚರಮ್ಮ. ಅವನು ತಮ್ಮನ ಮಗ. ನೀರಿನ ಪೈಪಿನ ಅರ್ಜಿ ಅಂತ ಹೋದ ತಿಂಗಳು ಯಾವುದೋ ಸರ್ಕಾರಿ ಕಚೇರಿಗೆ ಕರೆದೊಯ್ದು ಸಹಿ ಹಾಕಿಸಿಕೊಂಡಿದ್ದ. ಸಾಲದ ಅರ್ಜಿಯ ಜೊತೆಗಿದ್ದ ದಾನಪತ್ರ ಅದೇ ಎಂದು ನಾನು ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಅಡುಗೆಮನೆಯಲ್ಲೇ ಅವರದೊಂದು ಫೋಟೋ ತೆಗೆದುಕೊಂಡು ಬಂದೆ.

ಅದೇ ಸಂಜೆ ಮ್ಯಾನೇಜರ್ ಕರೆಸಿದ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಸೇಲ್ಸ್ ಕೆಲಸ. ಈಗಿನದಕ್ಕಿಂತ ಮೂರು ಪಟ್ಟು ಸಂಬಳ. ಒಂದೇ ಒಂದು ಮೆಟ್ಟಿಲೂ ಇಲ್ಲ. ನಿಮ್ಮಂಥ ಅನುಭವಸ್ಥರು ಬೇಕು, ನಾಡಿದ್ದು ಹನ್ನೆರಡರೊಳಗೆ ಹೂಂ ಅನ್ನಿ ಎಂದ.

ನಂಬಿದೆ. ನಗಬೇಡಿ. ಮಂಡಿ ನೋಯುವವರು ಕುರ್ಚಿಯನ್ನು ಬೇಗ ನಂಬುತ್ತಾರೆ.

ಮನೆಯಲ್ಲಿ ಅಕ್ಕನಿಗೆ ಹೇಳಿದೆ. ಇಬ್ಬರೇ ಇರುವುದು ನಾವು. ಅವಳು ನನ್ನ ಮಂಡಿಗೆ ಎಣ್ಣೆ ಹಚ್ಚುತ್ತಿದ್ದಳು. ಕೈ ನಿಲ್ಲಿಸಿದಳು.

"ಕೂತು ತಿನ್ನೋ ಕಾಲ ಬಂದಿದೆ. ಎದ್ದು ಓಡಿದ್ಯೋ, ಮುಂದೆ ಎಣ್ಣೆ ನೀನೇ ಹಚ್ಕೋ."

ಇವತ್ತು ಎರಡನೇ ಭೇಟಿ. ಅರ್ಜಿದಾರ ಇರಲಿಲ್ಲ. ಟೀಚರಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾನಂತೆ. ಬಾಗಿಲು ತೆಗೆದವನು ಒಬ್ಬ ಧಾಂಡಿಗ. ಮನೆಯೊಳಗೂ ಹೆಲ್ಮೆಟ್ ತೆಗೆದಿರಲಿಲ್ಲ. ಕೆಳಗೆ ಟೀಚರಮ್ಮನ ಕೋಣೆ ಖಾಲಿ. ತಾರಸಿಯನ್ನೂ ನೋಡಬೇಕು ಎಂದೆ. ಹೆಲ್ಮೆಟ್ ತಡೆಯಲಿಲ್ಲ. ಹತ್ತಿ ಬಂದರೆ ಟಾರ್ಪಾಲಿನ ಕೆಳಗೆ ಟೀಚರಮ್ಮನ ಇಡೀ ಸಂಸಾರ... ಕಬ್ಬಿಣದ ಮಂಚ, ಹಾಸಿಗೆ, ಹೊಲಿಗೆ ಯಂತ್ರ. ಫೋಟೋ ತೆಗೆದೆ. ಆಗಲೇ ಚಿಲಕ ಬಿದ್ದದ್ದು.

ಈಗ ಲೆಕ್ಕ ಸರಿಯಾಯಿತು. ಕುರ್ಚಿ ಸಿಹಿ ದಾರಿ, ಚಿಲಕ ಕಹಿ ದಾರಿ. ಎರಡೂ ಹನ್ನೆರಡಕ್ಕೇ, ಫೈಲು ನನ್ನ ಕೈ ತಪ್ಪುವ ಗಳಿಗೆಗೇ ಮುಗಿಯುತ್ತಿದ್ದವು.

ಮಂಚದ ಮೇಲೆ ಕೂತೆ. ಹೂಂ ಅಂದುಬಿಡೋಣ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಅನ್ನಿಸಿತು. ಬಾಗಿಲು ಬಡಿದರೆ ಸಾಕು. ಕಾರು, ಫ್ಯಾನು, ಕುರ್ಚಿ.

ಹಾಸಿಗೆಯ ಒಂದು ಬದಿ ತಗ್ಗಾಗಿತ್ತು. ಇನ್ನೊಂದು ಬದಿ ಮಟ್ಟ. ಬಹಳ ವರ್ಷಗಳಿಂದ ಯಾರೂ ಮಲಗದ ಬದಿ.

ಅಂಥದ್ದೊಂದು ಹಾಸಿಗೆ ನನ್ನ ಮನೆಯಲ್ಲೂ ಇದೆ. ಆ ವಿಷಯ ಬಿಡಿ.

ಎದ್ದೆ. ಹಾಸಿಗೆ ಕೆಳಗೆ ಹಾಕಿದೆ. ಪಕ್ಕದ ಮನೆಯ ತಾರಸಿಗೂ ಇದಕ್ಕೂ ನಡುವೆ ಅರ್ಧ ಮಾರು ಸಂದು. ಕೆಳಗೆ ಎರಡು ಅಂತಸ್ತಿನ ಗಾಳಿ. ಮಂಚವನ್ನು ಎಳೆದು, ಅಂಚಿನ ಮೋಟುಗೋಡೆಗೆ ಹತ್ತಿಸಿ, ಆಚೆಗೆ ತಳ್ಳಿದೆ. ಆ ಕರಕರ ಸದ್ದು ಸತ್ತವರನ್ನೂ ಎಬ್ಬಿಸುವಂತಿತ್ತು. ಎಬ್ಬಿಸಿದ್ದು ಹೆಲ್ಮೆಟ್ಟನ್ನು. ಮೆಟ್ಟಿಲ ಮೇಲೆ ಬೂಟು ಓಡಿ ಬಂತು. ಈ ಸಲ ಅವಸರವಿತ್ತು.

ಅಂಬೆಗಾಲಿಟ್ಟು ದಾಟಿದೆ. ನಡುವೆ ಮಂಚದ ಒಂದು ಕಾಲು ಜಾರಿತು. ಕೆಳಗೆ ನೋಡಲಿಲ್ಲ. ಆಚೆ ಬಿದ್ದಾಗ ಎಡ ಮಂಡಿ ಚಟ್ ಎಂದಿತು.

ಅಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ನೋಡಿದಳು, ಮಂಚವನ್ನು ನೋಡಿದಳು. ಕೆಳಗಿಳಿಯುವ ದಾರಿ ಕೇಳಿದೆ.

"ಇಳೀರಿ. ಚಪ್ಪಲಿ ಕೈಲಿ ಹಿಡ್ಕೊಳ್ಳಿ, ಈಗಷ್ಟೇ ಒರೆಸಿದೀನಿ."

ಹಿಂದೆ ಗೂಂಡಾ. ಕೈಯಲ್ಲಿ ಚಪ್ಪಲಿ. ಕುಂಟುತ್ತಾ ಮೂವತ್ತೆಂಟು ಮೆಟ್ಟಿಲು. ಎಣಿಸುವುದು ನನ್ನ ರೋಗ.

ಬೀದಿಯ ತಿರುವಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ ಇತ್ತು. ನುಗ್ಗಿದೆ. ಕೌಂಟರಿನ ಹುಡುಗಿಯ ಹತ್ತಿರ ಚಾರ್ಜರ್ ಕೇಳಿದೆ. ಪೇಷೆಂಟ್‌ಗಳಿಗೆ ಮಾತ್ರ ಎಂದಳು. ಹಾಗಾದರೆ ಹೆಸರು ಬರೆದುಕೊಳ್ಳಿ ಎಂದೆ. ಯಾವ ಹಲ್ಲು ಎಂದಳು. ಯಾವುದಾದರೂ ಬರೆಯಿರಿ ಎಂದೆ. ಒಂಬತ್ತನೇ ನಂಬರಿನ ಟೋಕನ್ ಕೊಟ್ಟು, ಪ್ಲಗ್ ತೋರಿಸಿದಳು.

ಹನ್ನೊಂದು ನಲವತ್ತೊಂದು. ಹೆಲ್ಮೆಟ್ ಒಳಗೆ ಬಂದ.

ಇಲ್ಲಿ ಅದನ್ನು ಹಾಕಿಕೊಂಡು ಕೂರುವ ಹಾಗಿಲ್ಲ ಎಂದಳು ಹುಡುಗಿ. ಬೈಸಿಕೊಂಡ ಶಾಲೆಯ ಮಗುವಿನಂತೆ ತೆಗೆದ. ಕೆಳಗೆ ನೆತ್ತಿ ಬೋಳಾಗುತ್ತಿರುವ ತಲೆ, ನಿದ್ದೆಗೆಟ್ಟ ಕಣ್ಣು. ನನ್ನ ಪಕ್ಕದಲ್ಲೇ ಕೂತ.

"ಫೋನ್ ಕೊಡಿ ಮೇಡಂ."

"ಚಾರ್ಜ್ ಆಗ್ತಿದೆ."

"ಹೆಂಗಸರ ಮೇಲೆ ಕೈ ಎತ್ತೋದು ನಂಗಿಷ್ಟ ಇಲ್ಲ. ಆದ್ರೆ ಎತ್ತೋಕೆ ಬರುತ್ತೆ."

"ಎತ್ತಿ. ಡಾಕ್ಟರಿಗೆ ಒಳ್ಳೇ ವ್ಯಾಪಾರ."

ಎದುರು ಕೂತಿದ್ದ ಊದಿದ ಕೆನ್ನೆಯ ಮುದುಕ ನಮ್ಮಿಬ್ಬರನ್ನೂ ನೋಡಿದ. ಹೆಲ್ಮೆಟ್ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

"ಇದಕ್ಕೆ ನಿಮಗೇನು ಕೊಡ್ತಾರೆ?" ಕೇಳಿದೆ.

"ಕೆಲಸ."

"ಎಂಥ ಕೆಲಸ?"

"ಅವರಾಫೀಸಲ್ಲಿ. ಸೇಲ್ಸು. ಕಿಟಕಿ ಪಕ್ಕದ ಕುರ್ಚಿ. ಕೂರಿಸಿ ತೋರಿಸಿದ್ರು." ಅಂಗಿಯ ಕಾಲರ್ ಸರಿಮಾಡಿಕೊಂಡ. "ಮಗಳಿಗೆ ಹೇಳಿಬಿಟ್ಟಿದೀನಿ, ಅಪ್ಪ ಟೈ ಕಟ್ತಾನೆ ಅಂತ."

ನಗು ಬಂತು. ಬಹಳ ದಿನಗಳ ಮೇಲೆ ಬಂದದ್ದು, ಒಣಗಿತ್ತು. ಫೋನ್ ಅಷ್ಟರಲ್ಲಿ ಜೀವ ಹಿಡಿದಿತ್ತು. ಮ್ಯಾನೇಜರ್ ನನಗೆ ಕಳಿಸಿದ್ದ ಮೆಸೇಜ್ ತೆಗೆದು ತೋರಿಸಿದೆ. ಅದೇ ಕೆಲಸ, ಅದೇ ಕುರ್ಚಿ. ತುಟಿ ಅಲ್ಲಾಡಿಸುತ್ತಾ ಎರಡು ಸಲ ಓದಿದ.

"ನಮ್ಮಿಬ್ರಲ್ಲಿ ಒಬ್ರಿಗೆ ಸುಳ್ಳು ಹೇಳಿದಾನೆ," ಎಂದ.

"ಹನ್ನೆರಡು ಹೊಡೆದ ಮೇಲೆ ಇಬ್ಬರಿಗೂ."

ಹನ್ನೊಂದು ಐವತ್ತೆರಡು. ಫೋಟೋಗಳು ಒಂದೊಂದಾಗಿ ರಿಪೋರ್ಟಿಗೆ ಹತ್ತಿದವು. ಅಡುಗೆಮನೆಯಲ್ಲಿ ಟೀಚರಮ್ಮ. ಟಾರ್ಪಾಲಿನ ಕೆಳಗೆ ಮಂಚ. ಅವನು ಕೈ ಚಾಚಿದ್ದರೆ ಫೋನ್ ಅವನದು. ಚಾಚಲಿಲ್ಲ. ಹೆಲ್ಮೆಟ್ಟಿನ ಒಳಗಡೆ ಏನೋ ಕಳೆದುಕೊಂಡವನಂತೆ ಬಗ್ಗಿ ನೋಡುತ್ತಿದ್ದ.

ಆಗಲೂ ನನ್ನ ಬೆರಳು ನಿಂತಿತು. ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಅಕ್ಕನ ಮಾತು ಕಿವಿಯಲ್ಲಿತ್ತು. ಈ ಊರಿನಲ್ಲಿ ಇನ್ನೂ ಎಷ್ಟು ಮೆಟ್ಟಿಲುಗಳಿವೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಕಾರಣ ಬರೆಯುವ ಜಾಗದಲ್ಲಿ ಬರೆದೆ. ಮನೆ ಖಾಲಿ ಇಲ್ಲ. ಒಬ್ಬರು ಬದುಕುತ್ತಿದ್ದಾರೆ.

ನೆಗೆಟಿವ್, ಅಂದರೆ ಸಾಲ ಕೊಡಬೇಡಿ. ಸಬ್ಮಿಟ್.

ಒಳಗಿನಿಂದ ಒಂಬತ್ತನೇ ನಂಬರ್ ಕರೆದರು. ಟೋಕನ್ನನ್ನು ಊದಿದ ಕೆನ್ನೆಯ ಮುದುಕನ ಕೈಗಿಟ್ಟು ಎದ್ದು ಬಂದೆ.

ಸಾಲ ನಿಂತಿತು. ತಮ್ಮನ ಮಗ ಊರು ಬಿಟ್ಟ. ಟೀಚರಮ್ಮ ವಕೀಲರನ್ನು ಹಿಡಿದಿದ್ದಾರೆ, ದಾನಪತ್ರ ರದ್ದಾಗಬಹುದಂತೆ. ನೋಡಲು ಹೋದಾಗ ಅವರು ಕೈ ಮುಗಿಯಲಿಲ್ಲ, ಕಣ್ಣೀರು ಹಾಕಲಿಲ್ಲ. ತಮ್ಮ ಮಂಚದ ಕಾಲು ಸೊಟ್ಟ ಮಾಡಿದ್ದು ಯಾರು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅಕ್ಕ ಎರಡು ದಿನ ಮಾತು ಬಿಟ್ಟಳು. ಎಣ್ಣೆ ಮಾತ್ರ ಹಚ್ಚಿದಳು, ಬೇಕಾದ್ದಕ್ಕಿಂತ ಜೋರಾಗಿ.

ಮುಂದಿನ ವಾರ ಒಂದು ಮನೆಯ ನಾಲ್ಕನೇ ಮಹಡಿ ಹತ್ತುತ್ತಿದ್ದೆ. ಹೊಸ ನಂಬರಿನಿಂದ ಫೋನ್ ಬಂತು. ದನಿ ಗುರುತು ಸಿಕ್ಕಿತು. ಹೆಲ್ಮೆಟ್.

ಅವತ್ತು ಕ್ಲಿನಿಕ್ಕಿನಿಂದ ನೇರವಾಗಿ ಮ್ಯಾನೇಜರ್ ಹತ್ತಿರ ಹೋಗಿದ್ದನಂತೆ. ಹೆಡ್ ಆಫೀಸಿಗೆ ಹೇಳಬಹುದಾದ ಸಂಗತಿಗಳನ್ನು ಒಂದೊಂದಾಗಿ ಅವನೆದುರು ಇಟ್ಟನಂತೆ. ಆ ಕುರ್ಚಿಯನ್ನು ಹಾಕಿದ್ದೇ ಯಾರದಾದರೂ ಬಾಯಿ ಮುಚ್ಚಿಸಲು. ನನ್ನದು ಆಗಲಿಲ್ಲ, ಇವನದಾಯಿತು. ಟೈ ಕುತ್ತಿಗೆಗೆ ಬಿಗಿಯುತ್ತದೆ ಎಂದ. ಈ ತಿಂಗಳು ಹತ್ತು ಸಾಲ ಮಾರಬೇಕಂತೆ, ಇನ್ನೂ ಬೋಣಿ ಆಗಿಲ್ಲವಂತೆ.

"ನಿಮಗೊಂದು ಗೃಹಸಾಲ ಮಾಡಿಕೊಡ್ಲಾ ಮೇಡಂ? ಒಳ್ಳೇ ಸ್ಕೀಮ್ ಇದೆ."

ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಂಡೆ.

"ಯಾರ ಮನೆ ಮೇಲೆ?" ಕೇಳಿದೆ.