ಕಾಲುಚೀಲ ತೊಟ್ಟ ನಗ್ನ

ತನ್ನ ಹಳೆಯ ಸಹಾಯಕಿ ಬೆತ್ತಲೆ ಚಿತ್ರ ಬರೆದದ್ದಕ್ಕೆ ಚಿತ್ರಕಾರ ಲೆಯಾಂದ್ರೊ ಪೆನೀಚೆಗೆ ಸಿಟ್ಟಿರಲಿಲ್ಲ. ಅವನು ಜೀವಮಾನವಿಡೀ ಬರೆದದ್ದೂ ಬೆತ್ತಲೆಯೇ. ಮೆರಿದಾ ಪಟ್ಟಣದ ಶ್ರೀಮಂತರ ಊಟದ ಕೋಣೆಗಳಲ್ಲೆಲ್ಲ ಅವನು ಬರೆದ ಹೆಂಗಸರು ಆಚೆ ಮಗ್ಗುಲಾಗಿ ಮಲಗಿದ್ದರು. ಮುಖ ಕೊಟ್ಟರೆ ಹೆಂಗಸಾಗಿಬಿಡುತ್ತದೆ, ಕೊಡದಿದ್ದರೆ ಕಲೆಯಾಗುತ್ತದೆ ಎಂಬುದು ಅವನ ಸಿದ್ಧಾಂತ. ಆ ಬೆನ್ನುಗಳೆಲ್ಲ ಒಬ್ಬಳವೇ: ಅವನ ಬಣ್ಣ ಅರೆದುಕೊಟ್ಟು, ಆಮೇಲೆ ಬಟ್ಟೆ ಬಿಚ್ಚಿ, "ಅಲುಗಬೇಡ" ಎಂಬ ಒಂದೇ ಮಾತು ಕೇಳಿಸಿಕೊಂಡು ಮಲಗುತ್ತಿದ್ದ ಸೊಕೊರೊ ಚಬ್ಲೆಯವು.

ಆ ಸೊಕೊರೊ ಈಗ ತಾನೇ ಕುಂಚ ಹಿಡಿದಿದ್ದಳು. ಅವಳ ಹೆಂಗಸರು ಹೊಲಿಗೆ ಬಿದ್ದ ಹೊಟ್ಟೆ, ಕೊಳೆಯಾದ ಪಾದ ಯಾವುದನ್ನೂ ಮುಚ್ಚಿಕೊಳ್ಳದೆ ನೋಡುವವರನ್ನೇ ದುರುಗುಟ್ಟುತ್ತಿದ್ದರು. ಅದನ್ನಾದರೂ ಸಹಿಸಿಯಾನು. ಆದರೆ ಕಳೆದ ವಾರ ಅವಳು ಮುಗಿಸಿ ತೋರಿಸಿದ ಚಿಕ್ಕ ಚಿತ್ರದಲ್ಲಿ, ಅವಳು ಮಲಗುತ್ತಿದ್ದ ಅದೇ ಸೋಫಾ, ಅದೇ ಭಂಗಿ, ಆದರೆ ಈಚೆ ಮಗ್ಗುಲಾಗಿ. ಕಪ್ಪು ಕಾಲುಚೀಲ ಬಿಟ್ಟು ಮೈಮೇಲೆ ಏನೂ ಇಲ್ಲದ ಲೆಯಾಂದ್ರೊ ಜೋಲು ಹೊಟ್ಟೆ ಬಿಟ್ಟುಕೊಂಡು ಒರಗಿದ್ದ. ಮುಖ ಪೂರ್ತಿ ಇತ್ತು.

"ನಾನ್ಯಾವಾಗ ನಿನಗೆ ಹೀಗೆ ಮಲಗಿದ್ದೆ?"

"ಮಲಗೋದು ಯಾಕೆ ಮೇಷ್ಟ್ರೇ? ಸೆಕೆ ಅಂತ ನೀವೂ ಬಿಚ್ಚಿಡ್ತಿದ್ರಲ್ಲ. ನೀವು ನನ್ನ ಬೆನ್ನು ನೋಡ್ತಿದ್ರಿ, ನಾನು ಕನ್ನಡೀಲಿ ನಿಮ್ಮನ್ನೇ ನೋಡ್ತಿದ್ದೆ."

ಅವಳ ಪ್ರದರ್ಶನದ ರಿಬ್ಬನ್ ಕತ್ತರಿಸಬೇಕಾದವನು ಅವನೇ. ಅದೇ ಸಂಜೆ ಗ್ಯಾಲರಿಗೆ ಅವನ ಹೆಸರಿಡುವುದೂ ಇತ್ತು. ಆ ಕಾಲುಚೀಲ ನಾಲ್ಕು ಜನರ ಕಣ್ಣಿಗೆ ಬಿದ್ದರೆ ಆ ಹೆಸರು ಉಳಿಯುವುದು ಪೋಲಿ ಮಾತಿನಲ್ಲಿ ಮಾತ್ರ.

ಉಪಾಯ ಸಲೀಸಾಗಿತ್ತು. ಅತಿಥಿಗಳು ಅಂಗಳದಲ್ಲಿ ಗಿಟಾರು ಕೇಳುತ್ತ ಗವರ್ನರ್ ಹೆಂಡತಿಗೆ ಕಾಯುವಾಗ ಮೂತ್ರಕ್ಕೆಂದು ಏಳುವುದು. ಎಪ್ಪತ್ತು ದಾಟಿದವನನ್ನು ಎಲ್ಲಿಗೆಂದು ಯಾರೂ ಕೇಳುವುದಿಲ್ಲ. ಪ್ರದರ್ಶನವಿದ್ದ ಮಹಡಿಯಿಂದ ಚಿತ್ರ ಇಳಿಸಿ ಹಿತ್ತಲಿನ ಹಾಳುಬಾವಿಗೆ ಎಸೆಯುವುದು. ಹಿಂದಿನ ಸುರುಳಿ ಮೆಟ್ಟಿಲಿಗೆ ಎರಡೂ ಕೈ ಬೇಕು, ಆದ್ದರಿಂದ ಪಟ್ಟಿ ಬಿಗಿದು ಬೆನ್ನಿಗೆ ಕಟ್ಟಿಕೊಳ್ಳುವುದು. ಚೌಕಟ್ಟಿನ ಹಿಂಬದಿಯ ಮೊಳೆ ತಾಗಿ ಹೊಸ ಬಿಳಿ ಲಿನನ್ ಅಂಗಿ ಹರಿದೀತೆಂದು, ಬಣ್ಣದ ನುಣುಪು ಮಗ್ಗುಲನ್ನೇ ಬೆನ್ನಿಗೆ ಒತ್ತಿಕೊಳ್ಳುವುದು. ಅಂಗಿಯ ಬಗ್ಗೆಯೂ ಯೋಚಿಸುವ ಕಳ್ಳ ತಾನೊಬ್ಬನೇ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಎಲ್ಲ ಅಂದುಕೊಂಡ ಹಾಗೇ ಆಯಿತು. ಬೆನ್ನು ಒದ್ದೆಯಾಗಿತ್ತು, ಮೆರಿದಾದಲ್ಲಿ ಯಾರ ಬೆನ್ನು ಒಣಗಿರುತ್ತದೆ? ಚಿತ್ರದ ಮುಖವನ್ನೂ ನೋಡದೆ ಬಾವಿಗೆ ಎಸೆದು ಬಂದು ಕಂಬಕ್ಕೆ ಆತು ನಿಂತ.

"ಲವಂಗದ ಘಮ ಬರ್ತಿದೆಯಲ್ಲ ಮೇಷ್ಟ್ರೇ, ಏನು ಅಡುಗೆ?" ಎಂದರು ಗವರ್ನರ್ ಹೆಂಡತಿ.

ಬಣ್ಣಕ್ಕೆ ಬೆರೆಸುವ ಟರ್ಪಂಟೈನ್ ವಾಸನೆ ಕುಡಿದು ಕುಡಿದು ಅವನ ಮೂಗು ಸತ್ತು ಎಷ್ಟೋ ಕಾಲವಾಗಿತ್ತು. "ಹೌದಮ್ಮ, ಒಳ್ಳೆ ಘಮ," ಎಂದ.

ರಿಬ್ಬನ್ ಕತ್ತರಿಸಿ ಎಲ್ಲರಿಗಿಂತ ಮುಂದೆ ಮೆಟ್ಟಿಲು ಹತ್ತಿದ. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಹತ್ತು ಜನ. ಸೊಕೊರೊಳ ಚಿತ್ರಗಳಿಗೆ ಸಿಗಬೇಕಾದದ್ದೇ ಸಿಕ್ಕಿತೆಂದು ಅವನಿಗೆ ಸಮಾಧಾನ. ಖಾಲಿ ಮೊಳೆಯ ಮುಂದೆ ನಿಂತು, "ಇಂಥ ಕಳ್ಳತನ ಕಲೆಗೆ ಮಾಡಿದ ಅವಮಾನ," ಎಂದು ದನಿ ನಡುಗಿಸಿದ. ನಗು ಮಹಡಿ ತುಂಬಿತು.

ಈ ಊರಿನ ಸೆಕೆಗೆ ಚಿತ್ರದ ಬಣ್ಣ ಬೇಗ ಗಟ್ಟಿಯಾಗುತ್ತದೆಂದು, ವಾರಗಟ್ಟಲೆ ಹಸಿಯಾಗಿಡಲು ಅದಕ್ಕೆ ಲವಂಗದೆಣ್ಣೆ ಬೆರೆಸುವುದನ್ನು ಸೊಕೊರೊಗೆ ಕಲಿಸಿದವನು ಅವನೇ. ಅವಳು ಹತ್ತಿರ ಬಂದು ಅವನ ಅಂಗಿಯ ಬೆನ್ನಿನ ಮೇಲೆ ಎಡಬಲ ಅದಲುಬದಲಾಗಿ ಅಚ್ಚೊತ್ತಿ ಒರಗಿದ್ದ ಬೆತ್ತಲೆ ಮುದುಕನನ್ನು, ಕಾಲುಚೀಲದವರೆಗೂ, ನಿಧಾನವಾಗಿ ನೋಡಿದಳು. "ಅಲುಗಬೇಡಿ ಮೇಷ್ಟ್ರೇ," ಎಂದಳು, "ಇನ್ನೂ ಒಣಗಿಲ್ಲ."