ಹನ್ನೆರಡನೇ ಅಂಕ

“ಸರ್, ಇದರಲ್ಲಿ ಸುಳ್ಳು ಬರೆದ್ರೆ ನಿಮಗೆ ಗೊತ್ತಾಗುತ್ತಾ?”

ಶರತ್‌ಚಂದ್ರ ತಲೆಯೆತ್ತಿದ. ಕೇಳಿದವಳು ಕಿಟಕಿ ಪಕ್ಕದ ಬೆಂಚಿನಲ್ಲಿದ್ದಳು. ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಹಾಳೆಯ ಎರಡೂ ಬದಿಯನ್ನು ತಿರುಗಿಸಿ ನೋಡುತ್ತಿದ್ದಳು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ.

“ಗೊತ್ತಾಗುತ್ತೆ ಕಣ್ರೀ. ಎರಡನೇ ಭಾಗದಲ್ಲಿ ಮಷಿನ್ ಮುಂದೆ ಕೂರಿಸ್ತೀನಲ್ಲ.”

“ಹಂಗಾದ್ರೆ ಸರಿ. ನಾನೊಬ್ಬಳೇ ನಿಜ ಬರೆದು ದಡ್ಡಿ ಆಗೋದು ಬೇಡ ಅಂತ ಕೇಳ್ದೆ.”

ಹಿಂದಿನ ಬೆಂಚಿನವರು ನಕ್ಕರು. ಅವನೂ ನಕ್ಕ. ಅವಳು ಆಗಲೇ ಬರೆಯಲು ಶುರುಮಾಡಿದ್ದಳು.

2001ರ ಜೂನ್ 10, ಭಾನುವಾರ. ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ಒಂದು ಕೊಬ್ಬರಿ ಅಂಗಡಿಯ ಮೇಲಿನ ಮಹಡಿಯಲ್ಲಿ ರೇವಣಸಿದ್ದಪ್ಪನವರ ಕಂಪ್ಯೂಟರ್ ಸೆಂಟರ್ ಇತ್ತು. ಆರು ಕಂಪ್ಯೂಟರ್, ಒಂದು ಟೆಲಿಫೋನ್ ಲೈನ್. ರೇವಣಸಿದ್ದಪ್ಪ ಶರತ್‌ಚಂದ್ರನ ಸೋದರಮಾವ. ಪಾಠ ಹೇಳುವವನು ಶರತ್‌ಚಂದ್ರ ಒಬ್ಬನೇ. ಇಂಟರ್ನೆಟ್ ತಂತ್ರಜ್ಞಾನದ ಆರಂಭಿಕ ಕೋರ್ಸು ಹತ್ತು ವಾರದ್ದು. ಹಿಂದಿನ ಎರಡು ಬ್ಯಾಚುಗಳಲ್ಲಿ ಅರ್ಧ ಜನ ಮೂರನೇ ವಾರಕ್ಕೆ ಬಿಟ್ಟುಹೋಗಿದ್ದರು. ಅದಕ್ಕೇ ಅವನು ಈ ಸಲ ಸೇರುವ ಮೊದಲೇ ಒಂದು ಪರೀಕ್ಷೆ ಇಟ್ಟಿದ್ದ. ಈ ಕೋರ್ಸಿಗೆ ನೀವು ತಯಾರಿದ್ದೀರಾ ಎಂಬುದನ್ನು ಅಳೆಯುವ ಇಪ್ಪತ್ತು ಪ್ರಶ್ನೆಗಳು. ಮೊದಲ ಹತ್ತಕ್ಕೆ ಹೌದು ಅಥವಾ ಇಲ್ಲ ಎಂದು ಬರೆಯಬೇಕು, ಒಂದು ಹೌದಿಗೆ ಒಂದು ಅಂಕ. ಉಳಿದ ಹತ್ತನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಬೇಕು. ಹನ್ನೆರಡು ಅಂಕ ಬಂದವರಿಗೆ ಪ್ರವೇಶ. ಬಾರದವರು ಮೂರು ತಿಂಗಳು ಬೇಸಿಕ್ ಕಲಿತು ಮತ್ತೆ ಬರೆಯಬಹುದು. ಹಾಳೆಯ ಕೊನೆಯಲ್ಲಿ ಅವನು ದಪ್ಪಕ್ಷರದಲ್ಲಿ ಟೈಪ್ ಮಾಡಿದ್ದ: ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು.

ಅವಳ ಹೆಸರು ಲತಾಮಣಿ, ವಯಸ್ಸು ಇಪ್ಪತ್ತನಾಲ್ಕು, ಊರು ಬಾಣಾವರ. ತಂದೆ ಉಗ್ರಪ್ಪ, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರು. ಈ ಕೋರ್ಸು ಯಾಕೆ ಬೇಕು ಎಂಬಲ್ಲಿ ಬರೆದಿದ್ದಳು: “ಶಾಲೆಯ ಆಫೀಸಿನಲ್ಲಿ ತಾತ್ಕಾಲಿಕ ಟೈಪಿಸ್ಟ್. ಸೆಪ್ಟೆಂಬರ್ 30ಕ್ಕೆ ಕೆಲಸ ಮುಗಿಯುತ್ತದೆ. ಈ ಸರ್ಟಿಫಿಕೇಟ್ ತಂದರೆ ಕಂಪ್ಯೂಟರ್ ಟೀಚರ್ ಮಾಡುತ್ತೇವೆ ಎಂದಿದ್ದಾರೆ.”

ಕೀಬೋರ್ಡ್ ಮುಂದೆ ಕೂತಾಗ ಕೋಣೆಯ ಉಳಿದ ಸದ್ದೆಲ್ಲ ನಿಂತಿತು. ಅವಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸಾದವಳು. ಬೆರಳುಗಳ ವೇಗಕ್ಕೆ ಬಳೆಗಳು ಒಂದೇ ಸಮ ಅಲುಗುತ್ತಿದ್ದವು. ಶರತ್‌ಚಂದ್ರ ಗಡಿಯಾರ ನೋಡಬೇಕಿತ್ತು, ಬಳೆ ನೋಡುತ್ತಿದ್ದ.

ಹದಿನಾಲ್ಕನೇ ಪ್ರಶ್ನೆಯಲ್ಲಿ ಅವಳು ಸೋತಳು. ಕೊಟ್ಟ ವಿಳಾಸವನ್ನು ಟೈಪ್ ಮಾಡಿ ಒಂದು ಪುಟ ತೆರೆಯಬೇಕಿತ್ತು. ವಿಳಾಸವೆಂದರೆ ಬರೀ ಅಂಕಿಗಳು, ನಡುವೆ ಚುಕ್ಕಿಗಳು. ಐದು ನಿಮಿಷ ಪ್ರಯತ್ನಿಸಿದರೂ ಪುಟ ತೆರೆಯಲಿಲ್ಲ. ಅವನು ಬಗ್ಗಿ ನೋಡಿದಾಗ ಅಂಕಿಗಳೆಲ್ಲ ಸರಿಯಾಗಿಯೇ ಕಂಡವು. ತಪ್ಪು ಹಿಡಿಯಲು ಅವನಿಗೂ ಎರಡು ನಿಮಿಷ ಬೇಕಾಯಿತು. ಒಂದು ಎಂಬ ಅಂಕಿ ಬರುವಲ್ಲೆಲ್ಲ ಅವಳು ಇಂಗ್ಲಿಷಿನ ಸಣ್ಣ ಎಲ್ ಒತ್ತಿದ್ದಳು.

“ಇನ್‌ಸ್ಟಿಟ್ಯೂಟ್ ಮಷಿನ್ನಲ್ಲಿ ಒಂದರ ಕೀನೇ ಇರ್ಲಿಲ್ಲ ಸರ್. ಎಲ್ಲರೂ ಎಲ್ ಕೀನೇ ಹೊಡೀತಿದ್ವಿ. ಆರು ವರ್ಷದ ಅಭ್ಯಾಸ.”

“ನೋಡೋಕೆ ಎರಡೂ ಒಂದೇ ಥರ ಇವೆ.”

“ಕಂಪ್ಯೂಟರಿಗೆ ಬೇರೆ ಅಲ್ವಾ. ಸೊನ್ನೆ ಹಾಕಿ ಸರ್.”

ಅವನು ಸೊನ್ನೆ ಹಾಕಿದ. ಮಧ್ಯಾಹ್ನ ಕೂಡಿಸಿದಾಗ ಒಟ್ಟು ಹನ್ನೊಂದು ಬಂತು. ಮತ್ತೊಮ್ಮೆ ಕೂಡಿಸಿದ. ಹನ್ನೊಂದೇ. ಹಳೆಯ ಯಂತ್ರ ಕಲಿಸಿದ ತಪ್ಪಿಗೆ ಒಬ್ಬಳ ಕೆಲಸ ಹೋಗುವುದು ನ್ಯಾಯವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅದು ಪೂರ್ತಿ ನಿಜವಲ್ಲ. ಅವಳು ಮತ್ತೆ ಬರಬೇಕು ಎನ್ನಿಸಿತ್ತು. ಸೊನ್ನೆಯನ್ನು ಒಂದು ಮಾಡಿದ.

ಆ ಹಾಳೆಯ ಕೆಳಗೆ ಶಿಲ್ಪಾ ಎಂಬ ಹುಡುಗಿಯ ಹಾಳೆಯಿತ್ತು. ಅವಳ ತಂದೆ ಊರಿನ ತೆಂಗಿನಕಾಯಿ ವರ್ತಕರು. ಅದರಲ್ಲೂ ಹನ್ನೊಂದು. ಅದನ್ನು ಅವನು ಹಾಗೇ ಬಿಟ್ಟ.

ಸೋಮವಾರದಿಂದ ಶನಿವಾರದವರೆಗೆ ಸಂಜೆ ನಾಲ್ಕೂವರೆಗೆ ಕ್ಲಾಸು. ಲತಾಮಣಿ ಬಾಣಾವರದಿಂದ ರೈಲಿನಲ್ಲಿ ಬಂದು ಸಂಜೆಯ ಪ್ಯಾಸೆಂಜರಿನಲ್ಲಿ ಹಿಂದಿರುಗುತ್ತಿದ್ದಳು. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದೇ ಹೇಳುತ್ತಿದ್ದಳು. ಮೋಡೆಮ್ ಕಿರುಚಿ ಕಿರುಚಿ ಇಂಟರ್ನೆಟ್ ಸಂಪರ್ಕ ಸಿಕ್ಕಾಗ ಉಳಿದವರು ಪರದೆ ನೋಡಿದರೆ, ಅವಳು ಅವನ ಮುಖ ನೋಡುತ್ತಿದ್ದಳು.

“ಏನ್ರೀ ಅದು?”

“ಏನಿಲ್ಲ ಸರ್. ದಿನಾ ಸಿಗುತ್ತೆ, ಆದ್ರೂ ನಿಮಗೆ ದಿನಾ ಆಶ್ಚರ್ಯ ಆಗುತ್ತೆ.”

ಜುಲೈ 22ರ ಭಾನುವಾರ ಬ್ಯಾಚಿನ ಆರು ಜನ ಹಳೇಬೀಡಿಗೆ ಹೋದರು. ಕೋರ್ಸಿನ ಕೊನೆಗೆ ಊರಿನ ಬಗ್ಗೆ ಒಂದು ವೆಬ್ ಪುಟ ಮಾಡಬೇಕಿತ್ತು. ಉಳಿದವರು ಕ್ಯಾಮೆರಾ ಹಿಡಿದು ದೇವಸ್ಥಾನಕ್ಕೆ ಹೋದರೆ ಲತಾಮಣಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ವೇಳಾಪಟ್ಟಿ ಬರೆದುಕೊಳ್ಳುತ್ತಿದ್ದಳು. ಬೇಲೂರಿಗೆ, ಹಾಸನಕ್ಕೆ, ಜಾವಗಲ್ ಮೇಲೆ ಅರಸೀಕೆರೆಗೆ.

“ಶಿಲ್ಪಗಳ ಬಗ್ಗೆ ಎಲ್ಲಾರೂ ಬರೀತಾರೆ,” ಎಂದಳು. “ವಾಪಸ್ ಹೋಗೋಕೆ ಬಸ್ ಎಷ್ಟೊತ್ತಿಗೈತೆ ಅಂತ ಯಾರೂ ಬರೆಯಲ್ಲ. ಬೋರ್ಡಿನಲ್ಲಿ ನಾಲ್ಕೂ ಕಾಲು ಅಂತೈತೆ. ಕಂಡಕ್ಟರು ನಾಲ್ಕೂ ನಲವತ್ತು ಅಂತಾರೆ. ಎರಡೂ ಬರ್ಕೊಂಡೆ.”

“ಯಾವುದು ಹಾಕ್ತೀರಾ?”

“ನಿಂತು ನೋಡಿ ಹಾಕ್ತೀನಿ.”

ಇಬ್ಬರೂ ನಿಂತು ನೋಡಿದರು. ಬಸ್ಸು ಹೊರಟಿದ್ದು ನಾಲ್ಕೂ ಮೂವತ್ತೆಂಟಕ್ಕೆ. ಅಷ್ಟು ಹೊತ್ತು ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಅವಳ ನೋಟುಬುಕ್ಕಿನ ಹಾಳೆ ಹಾರದಂತೆ ಅವನು ಒಂದು ಮೂಲೆಯನ್ನು ಬೆರಳಲ್ಲಿ ಒತ್ತಿ ಹಿಡಿದಿದ್ದ. ಅವಳ ಕಿರುಬೆರಳು ಅದರ ಪಕ್ಕದಲ್ಲೇ ಇತ್ತು. ಇಬ್ಬರೂ ಕೈ ತೆಗೆಯಲಿಲ್ಲ.

“ನಿಮ್ಮ ಹಾಳೇನ ಅವತ್ತು ಯಾಕೆ ತಿರುಗಿಸಿ ನೋಡ್ದೆ ಗೊತ್ತಾ?” ಎಂದಳು. “ಜಾತಿ ಕೇಳೋ ಕಾಲಂ ಹಿಂದ್ಗಡೆ ಐತಾ ಅಂತ. ಇರ್ಲಿಲ್ಲ. ಟೈಪಿಂಗ್‌ನಲ್ಲಿ ಫಸ್ಟ್ ಕ್ಲಾಸ್ ಬಂದಾಗ್ಲೂ ಸ್ಟಾಫ್ ರೂಮಲ್ಲಿ ಅಂದ್ರು, ಇವರಿಗೇನ್ ಬಿಡಿ, ಸುಮ್ನೆ ಕೊಡ್ತಾರೆ ಅಂತ. ಈ ಹನ್ನೆರಡು ಅಂಕ ಮಾತ್ರ ಯಾರೂ ಕೊಟ್ಟಿದ್ದಲ್ಲ ಸರ್. ಅಪ್ಪಾಜಿ ಆ ರಿಸಲ್ಟ್ ಚೀಟಿನ ಅಂಬೇಡ್ಕರ್ ಫೋಟೋ ಹಿಂದೆ ಸಿಗಿಸಿಟ್ಟಿದ್ದಾರೆ.”

ಆಗಲೇ ಹೇಳಬಹುದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹೆಚ್ಚು ಜನರೂ ಇರಲಿಲ್ಲ. ಅವನು ಹೇಳಲಿಲ್ಲ. ಅವಳ ಕಿರುಬೆರಳ ಪಕ್ಕದಿಂದ ಕೈಯನ್ನು ಮಾತ್ರ ತೆಗೆದುಕೊಂಡ. ಅವಳು ಅದನ್ನು ಸಂಕೋಚ ಎಂದುಕೊಂಡು ಮುಗುಳ್ನಕ್ಕಳು.

ಆಗಸ್ಟ್ 2, ಗುರುವಾರ, ಏಳನೇ ವಾರ. ಶಿಲ್ಪಾಳ ತಂದೆ ಸೆಂಟರಿಗೆ ಬಂದು, ಮಗಳಿಗೆ ಎಲ್ಲಿ ಕಡಿಮೆ ಬಂತು ತೋರಿಸಿ ಎಂದರು. ಕೇಳುವ ಹಕ್ಕು ಅವರಿಗಿತ್ತು. ರೇವಣಸಿದ್ದಪ್ಪ ಹಾಳೆಗಳ ಕಟ್ಟು ಬಿಚ್ಚಿ ಒಂದೊಂದನ್ನೇ ತಾವೇ ಕೂಡಿಸುತ್ತ ಹೋದರು. ಕೊಬ್ಬರಿ ವ್ಯಾಪಾರದಲ್ಲಿ ಮೂವತ್ತು ವರ್ಷ ಕಳೆದವರು. ತಿದ್ದಿದ ಅಂಕಿ ಅವರ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ಕ್ಲಾಸು ನಡೆಯುತ್ತಿದ್ದ ಹೊತ್ತಿಗೇ ಒಳಗೆ ಬಂದರು.

“ಏನ್ಲಾ ಶರತ್, ಇದು ಸೊನ್ನೆನೋ ಒಂದೋ?”

ಶರತ್‌ಚಂದ್ರ ಹಾಳೆ ನೋಡಿದ.

“ಸೊನ್ನೆ ಮಾವ.”

“ಮೇಲೆ ಒಂದು ಮಾಡಿದ್ದು ಯಾರು?”

“ನಾನೇ.”

“ಇವರಿಗೆ ಎಲ್ಲಾ ಕಡೆ ಸರ್ಕಾರ ಸುಮ್ನೆ ಕೊಡುತ್ತೆ. ನಮ್ಮ ಸೆಂಟರಲ್ಲೂ ಕೊಡ್ಬೇಕೇನೋ? ಅದೇ ಮಾರ್ಕಿಗೆ ನಮ್ಮೋರ ಹುಡುಗಿ ಮನೇಲಿ ಕೂತೈತೆ.”

ಕೋಣೆಯಲ್ಲಿ ಉಳಿದ ಐದು ಜನ ತಮ್ಮ ತಮ್ಮ ಪರದೆ ನೋಡುತ್ತಿದ್ದರು. ಲತಾಮಣಿ ಮಾತ್ರ ಎದ್ದು ಬಂದು ಹಾಳೆಗಾಗಿ ಕೈ ಚಾಚಿದಳು. ಹದಿನಾಲ್ಕನೇ ಸಾಲನ್ನು ಬೆಳಕಿಗೆ ಹಿಡಿದು ಓದಿದಳು. ಆಮೇಲೆ ಶರತ್‌ಚಂದ್ರನನ್ನು ನೋಡಿದಳು. ಅವನು ಏನಾದರೂ ಹೇಳುತ್ತಾನೆಂದು ಕಾದಳು. ಅವನು ನೆಲ ನೋಡುತ್ತಿದ್ದ.

“ನಂದು ಹನ್ನೊಂದೇ ಸರ್,” ಎಂದು ರೇವಣಸಿದ್ದಪ್ಪನವರಿಗೆ ಹೇಳಿದಳು. “ಆ ಹುಡುಗೀಗೆ ಸೀಟು ಕೊಡಿ.” ನೋಟುಬುಕ್ಕು, ಟಿಫನ್ ಡಬ್ಬಿ ಬ್ಯಾಗಿಗೆ ಹಾಕಿಕೊಂಡಳು. ಕಂಪ್ಯೂಟರನ್ನು ಅವನು ಕಲಿಸಿದ ಕ್ರಮದಲ್ಲೇ ಆಫ್ ಮಾಡಿ ಇಳಿದು ಹೋದಳು.

ಸ್ಟೇಷನ್ನಿನಲ್ಲಿ ಅವಳು ನೀರಿನ ನಲ್ಲಿಯ ಪಕ್ಕದ ಕಲ್ಲುಬೆಂಚಿನಲ್ಲಿ ಕೂತಿದ್ದಳು. ಅವನು ಓಡಿ ಬಂದಿದ್ದ. ಪ್ಯಾಸೆಂಜರಿಗೆ ಇನ್ನೂ ಹದಿನೈದು ನಿಮಿಷವಿತ್ತು.

“ಲತಾಮಣಿ, ನಾನು...”

“ನಾನು ಕೇಳಿದ್ನಾ ಸರ್? ಒಂದು ಮಾರ್ಕ್ ಹಾಕಿ ಅಂತ?”

“ಇಲ್ಲ.”

“ಸೊನ್ನೆ ಹಾಕಿ ಅಂತ ಬಾಯಿಬಿಟ್ಟು ಹೇಳಿದ್ದೆ. ಬೇಸಿಕ್ ಕಲ್ತಿದ್ರೆ ಸೆಪ್ಟೆಂಬರಲ್ಲಿ ನಾನೇ ಬರೀತಿದ್ದೆ. ಕೆಲಸ ಹೋಗ್ತಿತ್ತು, ಹೋಗ್ಲಿ. ಸುಮ್ನೆ ಕೊಡ್ತಾರೆ ಅನ್ನೋ ಮಾತು ಸುಳ್ಳು ಅಂತ ಮಾತ್ರ ಉಳೀತಿತ್ತು. ಅದನ್ನ ನಿಜ ಮಾಡ್ಬಿಟ್ರಿ ನೀವು. ಈಗ ಹೋಗಿ ಅಪ್ಪಾಜಿಗೆ ಆ ಚೀಟಿ ತೆಗೀರಿ ಅನ್ಬೇಕು.”

ಅವನ ಬಳಿ ಇದ್ದದ್ದು ಒಂದೇ ಮಾತು. ಅದನ್ನು ತಪ್ಪಾದ ಹೊತ್ತಿನಲ್ಲಿ ಹೇಳಿದ. “ನಿಮ್ಮನ್ನ ಬಿಟ್ಟು ಇರೋಕಾಗಲ್ಲ ನನಗೆ.”

ಲತಾಮಣಿ ಕಣ್ಣು ಒರೆಸಿಕೊಂಡು ಅವನ ಕಡೆ ತಿರುಗಿದಾಗ ಆ ಮೊದಲ ದಿನದ ಮುಖವಿತ್ತು, ಹಾಳೆ ತಿರುಗಿಸಿ ನೋಡುತ್ತಿದ್ದವಳ ಮುಖ.

“ಹಂಗಾದ್ರೆ ಪರೀಕ್ಷೆ ಮಾಡೋಣ. ಇಪ್ಪತ್ತು ಬೇಡ, ನಾಲ್ಕು ಸಾಕು. ಮೂರು ಬಂದ್ರೆ ಪಾಸು. ಖಾಲಿ ಬಿಡಬಾರದು.”

“ಕೇಳಿ.”

“ನನ್ನ ಕಂಡ್ರೆ ಇಷ್ಟಾನಾ?”

“ಹೌದು.”

“ನಮ್ಮ ಮನೆಗೆ ಬಂದು ನಮ್ಮವ್ವ ಮಾಡಿದ್ದನ್ನ ಉಣ್ತೀರಾ?”

“ಹೌದು.”

“ಈಗ ನಿಮ್ಮ ಮಾವ ಅಷ್ಟು ಮಾತಾಡಿದ್ರಲ್ಲ. ಒಂದು ಮಾತು ತಿರುಗಿ ಹೇಳಿದ್ರಾ?”

ದೂರದಲ್ಲಿ ಸಿಗ್ನಲ್ ಬಿತ್ತು.

“ಇಲ್ಲ.”

“ನಿಮ್ಮ ಅಮ್ಮಂಗೆ ನನ್ನ ಹೆಸರು, ನಮ್ಮ ಕೇರಿ ಯಾವುದು ಅಂತ ಹೇಳಿದ್ದೀರಾ?”

“ಇಲ್ಲ.”

“ಎರಡು,” ಎಂದಳು. “ಒಂದು ಕಡಿಮೆ ಆಯ್ತು. ನಾನು ಸೇರಿಸಲ್ಲ ಸರ್.”

“ನಿಮ್ಮ ಉತ್ತರ ಏನು? ಮೊದಲನೇ ಪ್ರಶ್ನೆಗೆ?”

ರೈಲು ಬಂತು. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು. “ನಂದು ಹಳೇಬೀಡಿನಲ್ಲೇ ಹೌದು. ಅದಕ್ಕೇ ಇಷ್ಟು ಉರೀತಿರೋದು.” ಬಾಗಿಲ ಕಂಬಿ ಹಿಡಿದು ಮತ್ತೆ ಹೇಳಿದಳು: “ನವೆಂಬರ್ ನಾಲ್ಕಕ್ಕೆ ತಿಪಟೂರಲ್ಲಿ ಇಂಥದ್ದೇ ಪರೀಕ್ಷೆ ಐತಂತೆ. ಬೆಳಿಗ್ಗೆ ಏಳೂವರೆಗೆ ಬಾಣಾವರ ಸ್ಟೇಷನ್ನಿನಲ್ಲಿ ಇರ್ತೀನಿ. ಮೂರು ತಿಂಗಳು ಅನ್ನೋದು ನಿಮ್ಮದೇ ರೂಲ್ಸು. ಅಮ್ಮಂಗೆ ಹೇಳಿದ್ರೆ ಬಂದು ಇಳೀರಿ. ಹೇಳಿಲ್ಲದಿದ್ರೆ ಇಳೀಬೇಡಿ.”

ಶಿಲ್ಪಾಳನ್ನು ಎಂಟನೇ ವಾರಕ್ಕೆ ಸೇರಿಸಿಕೊಂಡರು. ಹಿಂದಿನದು ಏನೂ ಗೊತ್ತಿಲ್ಲದೆ ಅವಳು ನಾಲ್ಕು ದಿನ ಬಂದು ನಿಲ್ಲಿಸಿದಳು. ಬಾಣಾವರದ ಶಾಲೆ ಅಕ್ಟೋಬರ್ ಒಂದರಿಂದ ಬೇರೊಬ್ಬರನ್ನು ತೆಗೆದುಕೊಂಡಿತು. ಶರತ್‌ಚಂದ್ರನ ಕೆಲಸಕ್ಕೆ ಏನೂ ಆಗಲಿಲ್ಲ. ಮನೆಯ ಹುಡುಗ ಎಂದು ಮಾವ ಬಿಟ್ಟರು.

ಒಂದು ದಿನ ರೊಟ್ಟಿ ಬಡಿಸುತ್ತ ತಾಯಿ ಶಾಂತಾದೇವಿ ಕೇಳಿದರು. “ಅದ್ಯಾರೋ ಹುಡುಗಿಗೆ ಮಾರ್ಕ್ ಹಾಕಿದ್ದೆಯಂತೆ. ಯಾರಪ್ಪ ಅವಳು?”

ಕೇಳಿದ ದನಿಯಲ್ಲಿ ಕೋಪವಿರಲಿಲ್ಲ. ಮುಂದಿನ ರೊಟ್ಟಿ ಕೈಯಲ್ಲೇ ಇತ್ತು. ತಂದೆ ಕಲ್ಲೇಶಪ್ಪ ಪಕ್ಕದಲ್ಲಿ ಊಟ ನಿಲ್ಲಿಸಿದ್ದರು. ಹೆಸರು ನಾಲ್ಕಕ್ಷರ, ಕೇರಿಯ ಹೆಸರು ಇನ್ನೊಂದು ಮಾತು. ಒಂದು ಉಸಿರಿನ ಕೆಲಸ.

“ಯಾರೋ ಸ್ಟೂಡೆಂಟು,” ಎಂದ.

ಶಾಂತಾದೇವಿ ಬಿಸಿ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿದರು.

ನವೆಂಬರ್ 4ರ ಬೆಳಿಗ್ಗೆ ಅವನು ಬಾಣಾವರದ ಟಿಕೆಟ್ ತೆಗೆದುಕೊಳ್ಳಲಿಲ್ಲ. ಮುಂದಿನ ಕಡೂರಿಗೆ ತೆಗೆದುಕೊಂಡ. ಹೋಗದೇ ಇದ್ದುಬಿಡಬಹುದಿತ್ತು. ಆದರೆ ಅದು ಖಾಲಿ ಬಿಟ್ಟ ಹಾಗೆ.

ಬಾಣಾವರದಲ್ಲಿ ರೈಲು ಎದುರುಗಾಡಿಯ ಕ್ರಾಸಿಂಗಿಗೆ ನಿಂತಿತು. ಲತಾಮಣಿ ಪ್ಲಾಟ್‌ಫಾರಂ ಮೇಲಿದ್ದಳು. ಕೈಯಲ್ಲಿ ಹಾಲ್ ಟಿಕೆಟ್ಟಿನ ಲಕೋಟೆ, ಕಿವಿಯ ಹಿಂದೆ ಪೆನ್ನು. ಪಕ್ಕದಲ್ಲಿ ಉಗ್ರಪ್ಪ, ಒಗೆದ ಬಿಳಿ ಅಂಗಿಯಲ್ಲಿ, ಯಾರನ್ನೋ ಎದುರುಗೊಳ್ಳಲು ಬಂದವರ ಹಾಗೆ ನೆಟ್ಟಗೆ ನಿಂತಿದ್ದರು. ಅವಳು ಇಳಿಯುವವರನ್ನು ಒಬ್ಬೊಬ್ಬರಾಗಿ ನೋಡಿದಳು. ಆಮೇಲೆ ಕಿಟಕಿಗಳನ್ನು ನೋಡುತ್ತ ಬಂದಳು. ಆರನೇ ಕಿಟಕಿಯಲ್ಲಿ ಅವನು ಸಿಕ್ಕ.

ನಡುವೆ ಹತ್ತು ಹೆಜ್ಜೆಯೂ ಇರಲಿಲ್ಲ. ಬಾಗಿಲು ತೆರೆದೇ ಇತ್ತು.

ಅವಳ ಹುಬ್ಬು ಸ್ವಲ್ಪ ಮೇಲೇರಿತು. ಪ್ರಶ್ನೆ ಅಷ್ಟೇ.

ಶರತ್‌ಚಂದ್ರ ಕಿಟಕಿಯ ಸರಳು ಹಿಡಿದುಕೊಂಡು ನಿಧಾನವಾಗಿ ತಲೆಯಾಡಿಸಿದ. ಇಲ್ಲ.

ಲತಾಮಣಿಯ ತುಟಿ ಒಮ್ಮೆ ಬಿಗಿಯಿತು. ಅವಳು ತಂದೆಯ ಕಡೆ ತಿರುಗಿ ಏನೋ ಹೇಳಿದಳು. ಉಗ್ರಪ್ಪ ನೆಟ್ಟಗಿದ್ದ ಭುಜ ಇಳಿಸಿ ಬೆಂಚಿನ ಮೇಲೆ ಕೂತರು. ಅವಳು ಮತ್ತೆ ಕಿಟಕಿ ನೋಡಿದಳು. ಈ ಸಲ ತಾನೂ ತಲೆಯಾಡಿಸಿದಳು, ಮೇಲಿಂದ ಕೆಳಕ್ಕೆ, ಒಮ್ಮೆ. ಬರೆದಿದ್ದು ನಿಜ ಎಂದು ಗುರುತು ಹಾಕಿದ ಹಾಗೆ.

ತಿಪಟೂರಿನ ಕಡೆ ಹೋಗುವ ಎದುರುಗಾಡಿ ಬಂದು ನಿಂತಿತು. ಅವಳು ಅದನ್ನು ಹತ್ತಿದಳು.